ಕಿಲಿಮಂಜಾರೋ ಹತ್ತಲು ಐದು ದಿನ ಸಾಕಾ?

ಪ್ರಶ್ನೆ: ನನಗೆ 44 ವರ್ಷ, ನನ್ನ ಹೆಂಡತಿಗೆ 41. ತುಮಕೂರಿನಲ್ಲಿದ್ದೇವೆ. ಕುಮಾರಪರ್ವತ ಎರಡು ಸಲ ಹತ್ತಿದ್ದೇವೆ, ಒಂದು ಸಲವಂತೂ ಒಂದೇ ದಿನದಲ್ಲಿ ಹತ್ತಿ ಇಳಿದೆವು. ನಾನು ವಾರಕ್ಕೆ ಮೂರು ದಿನ ಓಡುತ್ತೇನೆ. ಬರುವ ವರ್ಷ ಆಫ್ರಿಕಾದ ಟಾಂಜಾನಿಯಾದಲ್ಲಿರುವ ಕಿಲಿಮಂಜಾರೋ ಹತ್ತುವ ಆಸೆ. ಶನಿವಾರ ಭಾನುವಾರ ಸೇರಿ ಒಟ್ಟು 11 ದಿನ ಸಿಗುತ್ತದೆ. ಮರಂಗು ದಾರಿಯ 5 ದಿನದ ಪ್ಯಾಕೇಜ್ ಎಲ್ಲಕ್ಕಿಂತ ಅಗ್ಗ. ಟೆಂಟ್ ಬದಲು ಮರದ ಮನೆಯಲ್ಲಿ ಮಲಗಬಹುದು. ಉಳಿದ ದಿನ ಸಫಾರಿ ಮಾಡೋಣ ಅಂತಿದ್ದೇವೆ. ಇದು ಸರಿಹೋಗುತ್ತದಾ? ತಯಾರಿ ಹೇಗೆ? ನಾವು ಸಸ್ಯಾಹಾರಿಗಳು. ಹೆಂಡತಿಗೆ ಆಗಾಗ ಅರೆತಲೆನೋವು ಬರುತ್ತದೆ, ಅದರಿಂದ ತೊಂದರೆ ಆಗಬಹುದಾ? ಮುಂಗಡ ಕಟ್ಟಲು ಮುಂದಿನ ವಾರವೇ ಕೊನೆ.

ಉತ್ತರ: ಆ 5 ದಿನದ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ಮಿಕ್ಕ ಪ್ರಶ್ನೆಗಳಿಗೆ ನಿಧಾನವಾಗಿ ಬರೋಣ, ಇದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮಿಬ್ಬರ ಕಾಲಿಗೆ ಶಕ್ತಿ ಇದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಕಿಲಿಮಂಜಾರೋದಿಂದ ಅರ್ಧಕ್ಕೇ ವಾಪಸ್ ಬರುವವರಲ್ಲಿ ಹೆಚ್ಚಿನವರು ಕಾಲು ಸೋತು ಬರುವುದಿಲ್ಲ. ಮೈ ಎತ್ತರಕ್ಕೆ ಒಗ್ಗುವಷ್ಟು ದಿನ ಕೊಡದೆ ಹೋಗಿ, ತಲೆ ಹೊಟ್ಟೆ ಕೆಟ್ಟು ಬರುತ್ತಾರೆ.

ಮರಂಗುವಿನ ಲೆಕ್ಕ ನೋಡಿ. ಮೊದಲ ರಾತ್ರಿ ಮಂದಾರಾ, 2,720 ಮೀಟರ್. ಎರಡನೇ ರಾತ್ರಿ ಹೊರೊಂಬೊ, 3,720. ಮೂರನೇ ದಿನ ಕೀಬೋ, 4,720. ಅಲ್ಲಿ ರಾತ್ರಿ ಪೂರ್ತಿ ಮಲಗುವುದೂ ಇಲ್ಲ. ನಡುರಾತ್ರಿಗೇ ಎಬ್ಬಿಸಿ 5,895 ಮೀಟರ್‌ನ ತುದಿಗೆ ಹೊರಡಿಸುತ್ತಾರೆ. ಅಂದರೆ ದಿನಕ್ಕೆ ಸಾವಿರ ಮೀಟರ್‌ನಂತೆ ಮಲಗುವ ಜಾಗ ಏರುತ್ತಾ ಹೋಗುತ್ತದೆ. ಎತ್ತರದ ಬೆಟ್ಟಗಳ ವೈದ್ಯರು ಹೇಳುವ ಮಾತು ಬೇರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು ಅನ್ನುತ್ತಾರೆ. ಐದು ದಿನದ ಮರಂಗು ಇದಕ್ಕೆ ಎರಡು ಪಟ್ಟು ವೇಗ.

ಕುಮಾರಪರ್ವತದ ಅನುಭವ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಅದರ ತುದಿ 1,712 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ 1,930. ಮರಂಗುವಿನ ಮೊದಲ ರಾತ್ರಿಯ ಬಿಡಾರವೇ ಅದಕ್ಕಿಂತ ಸುಮಾರು 800 ಮೀಟರ್ ಮೇಲಿದೆ. ಕಿಲಿಮಂಜಾರೋ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಪ್ರತಿ ಉಸಿರಿಗೂ ಅರ್ಧದಷ್ಟೇ ಆಮ್ಲಜನಕ. ಇದನ್ನು ಸರಿದೂಗಿಸಲು ಮೈ ಹೆಚ್ಚು ಉಸಿರಾಡಲು ಕಲಿಯಬೇಕು, ಮೂತ್ರಪಿಂಡ ರಕ್ತದ ಕ್ಷಾರವನ್ನು ಸರಿಮಾಡಬೇಕು. ಇದೆಲ್ಲ ಗಂಟೆಗಳಲ್ಲಿ ಆಗುವ ಕೆಲಸ ಅಲ್ಲ, ರಾತ್ರಿಗಳು ಬೇಕು. ನೀವು ಎಷ್ಟು ಓಡಿದರೂ ಈ ಕೆಲಸ ಬೇಗ ಆಗುವುದಿಲ್ಲ. ಇನ್ನೂ ಒಂದು ಮಾತು. ಗಟ್ಟಿಮುಟ್ಟಾದವರು ಜೋರಾಗಿ ಹತ್ತಿಬಿಡುತ್ತಾರೆ, ಹಾಗಾಗಿ ಅವರಿಗೇ ಮೊದಲು ತೊಂದರೆ ಆಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನನಗೂ ಹಾಗೇ ಆಯಿತು. ಮೊದಲ ಸಲ ನಾನು ಹೋಗಿದ್ದು ಇದೇ ಐದು ದಿನದ ಮರಂಗು. ಕೀಬೋ ತಲುಪಿದ ಸಂಜೆ ಬಿಸಿ ಸೂಪಿನ ಬಟ್ಟಲು ಮುಂದಿಟ್ಟರು. ಅದರ ವಾಸನೆಗೇ ಹೊಟ್ಟೆ ತೊಳಸಿತು. ರಾತ್ರಿ ಎದ್ದು ಬೂಟಿನ ಲೇಸ್ ಕಟ್ಟಲು ಕೂತೆ. ಎರಡು ಎಳೆ ಕೈಯಲ್ಲಿ ಹಿಡಿದಿದ್ದೇನೆ, ಮುಂದೆ ಏನು ಮಾಡಬೇಕು ಅಂತ ಹೊಳೆಯುತ್ತಿಲ್ಲ. ಕೊನೆಗೆ ಗೈಡ್ ಬಂದು ಮಕ್ಕಳಿಗೆ ಕಟ್ಟಿದ ಹಾಗೆ ಕಟ್ಟಿಕೊಟ್ಟರು. ಹಾನ್ಸ್ ಮೇಯರ್ ಗುಹೆ ಸುಮಾರು 5,150 ಮೀಟರ್‌ನಲ್ಲಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ಕಾಲು ತೂರಾಡುತ್ತಿತ್ತು. ಗೈಡ್ ನನ್ನ ಮುಖಕ್ಕೆ ಟಾರ್ಚ್ ಬಿಟ್ಟು ನೋಡಿದರು, ಕೈ ಹಿಡಿದು ಕೆಳಕ್ಕೆ ತಿರುಗಿಸಿದರು. ಅವತ್ತು ಅವರ ಮೇಲೆ ಕೋಪ ಬಂದಿತ್ತು. ಹೊರೊಂಬೊಗೆ ಇಳಿಯುವಷ್ಟರಲ್ಲಿ ತಲೆನೋವು ಮಾಯ. ಆಗ ಅರ್ಥವಾಯಿತು, ಅವರು ನನ್ನ ಜೀವ ಉಳಿಸಿದ್ದರು.

ಆ ಗುಹೆಗೆ ಹೆಸರು ಬಂದಿದ್ದು ಈ ಬೆಟ್ಟದ ತುದಿ ಮೊದಲು ಮುಟ್ಟಿದ ಹಾನ್ಸ್ ಮೇಯರ್‌ನಿಂದ. ಜರ್ಮನಿಯವನು. 1887ರಲ್ಲಿ ಬಂದು ಸೋತು ಹೋದ. 1889ರಲ್ಲಿ ಆಸ್ಟ್ರಿಯಾದ ಲುಡ್ವಿಗ್ ಪುರ್ಟ್‌ಶೆಲ್ಲರ್ ಜೊತೆ ಮತ್ತೆ ಬಂದ. ಈ ಸಲ ಮೇಲೆ ಬೇರೆ ಬೇರೆ ಎತ್ತರದಲ್ಲಿ ಡೇರೆ ಹಾಕಿಸಿದ, ಕೆಳಗಿನಿಂದ ಆಹಾರ ತರಿಸಿಕೊಂಡ. ಹೀಗಾಗಿ ಒಂದು ಪ್ರಯತ್ನ ತಪ್ಪಿದರೂ ಪೂರ್ತಿ ಕೆಳಗೆ ಇಳಿಯಬೇಕಾಗಿರಲಿಲ್ಲ. ಮೇಲೆಯೇ ಉಳಿದು ಮತ್ತೆ ಹತ್ತಿದ. ಅಕ್ಟೋಬರ್ 6ಕ್ಕೆ ತುದಿ ತಲುಪಿದ. ಮೇಲೆ ಹೆಚ್ಚು ದಿನ ಇರುವುದಕ್ಕೆ ದಾರಿ ಮಾಡಿಕೊಂಡಿದ್ದರಿಂದಲೇ ಅವನಿಗೆ ಅದು ಸಿಕ್ಕಿತು.

ಹಾಗಾದರೆ ಯಾವ ದಾರಿ? ನನ್ನ ಸಲಹೆ ಲೆಮೋಶೋ, 8 ದಿನ. ಸಫಾರಿ ಬಿಡಿ. ಹೋಗಲು ಒಂದು ದಿನ, ಬರಲು ಒಂದು ದಿನ, ಹತ್ತುವ ಮುಂಚೆ ಮೋಶಿ ಅಥವಾ ಅರುಷಾದಲ್ಲಿ ಒಂದು ದಿನ ವಿಶ್ರಾಂತಿ. ನಿಮ್ಮ 11 ದಿನ ಅಲ್ಲಿಗೆ ಮುಗಿಯಿತು. ಆದರೆ ಇದರಲ್ಲಿ ಒಂದು ದಿನವೂ ಸಡಿಲ ಇಲ್ಲ. ವಿಮಾನ ತಡವಾದರೆ, ಬ್ಯಾಗ್ ಬೇರೆ ಊರಿಗೆ ಹೋದರೆ ಕಷ್ಟ. ಆದ್ದರಿಂದ ಆಫೀಸಿನಲ್ಲಿ ಇನ್ನೆರಡು ದಿನ ರಜೆ ಕೇಳಿ. ಸಿಗಲೇ ಇಲ್ಲ ಅಂದರೆ ಮಚಾಮೆ ದಾರಿ, 7 ದಿನ. ಮಚಾಮೆಯನ್ನು 6 ದಿನದಲ್ಲೂ ಮುಗಿಸುತ್ತಾರೆ, ಅದು ಬೇಡ. ಏಳು ದಿನ ಅಂದರೆ ನಡುವೆ ಕರಂಗಾ ಬಿಡಾರದಲ್ಲಿ ಉಳಿಯಲು ಒಂದು ದಿನ ಜಾಸ್ತಿ ಸಿಗುತ್ತದೆ. ಅದೊಂದೇ ದಿನ ಎಷ್ಟೋ ಜನರ ಹಣೆಬರಹ ಬದಲಿಸಿದೆ.

ಮರಂಗುವೇ ಕೆಟ್ಟದ್ದು ಅಂತಲ್ಲ. ಹೊರೊಂಬೊದಲ್ಲಿ ಎರಡು ರಾತ್ರಿ ಇರುವ 6 ದಿನದ ಮರಂಗು ಇದೆ, ಮಳೆಗಾಲದಲ್ಲಿ ಹೋಗಲೇಬೇಕಾದವರಿಗೆ ಮರದ ಮನೆ ದೊಡ್ಡ ಆಸರೆ. ಆದರೆ ಹತ್ತಿದ ದಾರಿಯಲ್ಲೇ ಇಳಿಯಬೇಕು. ಉತ್ತರದ ಕಡೆಯಿಂದ, ಕೆನ್ಯಾ ಗಡಿಯ ಹತ್ತಿರದಿಂದ ಹತ್ತುವ ರೊಂಗೈ ಕೂಡ ಒಳ್ಳೆಯದೇ, ಅಲ್ಲಿ ಮಳೆ ಕಡಿಮೆ. ಉಂಬ್ವೆ ತುಂಬ ಕಡಿದು. ಮೊದಲ ಸಲ ಹೋಗುವವರು ಅದರ ತಂಟೆಗೆ ಹೋಗುವುದು ಬೇಡ.

ಲೆಮೋಶೋ ಯಾಕೆ ಅಂತ ಹೇಳುತ್ತೇನೆ. ಮೊದಲ ರಾತ್ರಿ ಕಾಡಿನೊಳಗೆ, ಸುಮಾರು 2,700 ಮೀಟರ್. ಕೋಲೋಬಸ್ ಕೋತಿಗಳು ಮರದಿಂದ ಮರಕ್ಕೆ ಹಾರುತ್ತವೆ, ಬೆನ್ನ ಮೇಲಿನ ಬಿಳಿ ಕೂದಲು ಶಾಲಿನ ಹಾಗೆ ಬೀಸುತ್ತದೆ. ಎರಡನೇ ದಿನ ಕಾಡು ಮುಗಿದು ಶಿರಾ ಬಯಲು. ಅದು 3,500 ಮೀಟರ್ ಆಸುಪಾಸು. ಕಿಲಿಮಂಜಾರೋ ಅಂದರೆ ಒಂದು ಬೆಟ್ಟ ಅಲ್ಲ, ಮೂರು ಜ್ವಾಲಾಮುಖಿಗಳು ಒತ್ತಿಕೊಂಡು ಬೆಳೆದದ್ದು: ಶಿರಾ, ಮವೆಂಜಿ, ತುದಿ ಇರುವ ಕೀಬೋ. ಶಿರಾ ಎಲ್ಲಕ್ಕಿಂತ ಹಳೆಯದು. ಅದರ ಬಾಯಿ ಕುಸಿದು ಈಗ ಅಗಲವಾದ ಬಯಲಾಗಿದೆ. ನೀವು ನಡೆಯುವುದು ಆ ಕುಸಿದ ಬೆಂಕಿಬೆಟ್ಟದ ಮೇಲೆ. ಇಲ್ಲಿ ಎರಡು ರಾತ್ರಿ ಸಿಗುತ್ತದೆ, ಏರು ಕಡಿಮೆ, ಮೈಗೆ ಒಗ್ಗಿಕೊಳ್ಳಲು ಬಿಡುವು ಸಿಗುತ್ತದೆ. ಮುಂದೆ ಆ ಬಿಡುವೇ ನಿಮ್ಮನ್ನು ಕಾಪಾಡುವುದು.

ನಾಲ್ಕನೇ ದಿನ ಮುಖ್ಯವಾದದ್ದು. ಶಿರಾದಿಂದ ಹೊರಟು ಮಧ್ಯಾಹ್ನಕ್ಕೆ ಲಾವಾ ಟವರ್ ತಲುಪುತ್ತೀರಿ, ಸುಮಾರು 4,600 ಮೀಟರ್. ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾದ ಲಾವಾ ಕಲ್ಲು ಕಂಬದ ಹಾಗೆ ಎದ್ದು ನಿಂತಿದೆ. ಅಲ್ಲಿ ಊಟ ಮಾಡುತ್ತೀರಿ. ಹೆಚ್ಚಿನವರಿಗೆ ಸ್ವಲ್ಪ ತಲೆ ಹಿಡಿದುಕೊಂಡ ಹಾಗೆ ಆಗುತ್ತದೆ, ಊಟ ಸೇರುವುದಿಲ್ಲ. ಗಾಬರಿ ಆಗಬೇಡಿ. ಊಟ ಮುಗಿಸಿ ಮತ್ತೆ ಇಳಿದು ಬರಾಂಕೊದಲ್ಲಿ ಮಲಗುತ್ತೀರಿ, ಸುಮಾರು 3,950. ಎತ್ತರಕ್ಕೆ ಹೋಗಿ ಬಾ, ತಗ್ಗಿನಲ್ಲಿ ಮಲಗು ಅಂತ ಇದನ್ನೇ ಹೇಳುವುದು. ಬರಾಂಕೊ ಬಿಡಾರದ ಸುತ್ತ ಸೆನೆಸಿಯೋ ಗಿಡಗಳಿವೆ. ಗಿಡ ಅಂದೆ, ಆದರೆ ಆಳೆತ್ತರಕ್ಕಿಂತ ಎಷ್ಟೋ ಎತ್ತರ. ಒಣಗಿದ ಎಲೆಗಳನ್ನು ಉದುರಿಸುವುದಿಲ್ಲ, ಕಾಂಡದ ಸುತ್ತ ಹಾಗೇ ಹೊದ್ದುಕೊಂಡಿರುತ್ತವೆ. ಕೈ ಹಾಕಿ ನೋಡಿ, ಹಳೆಯ ಕಂಬಳಿ ಮುಟ್ಟಿದ ಹಾಗಿರುತ್ತದೆ. ರಾತ್ರಿ ಹೆಪ್ಪುಗಟ್ಟುವ ಚಳಿಯಿಂದ ಕಾಂಡವನ್ನು ಕಾಯುವುದು ಆ ಹೊದಿಕೆಯೇ.

ಬೆಳಿಗ್ಗೆ ಬರಾಂಕೊ ಗೋಡೆ. ಕೆಳಗಿನಿಂದ ನೋಡಿದರೆ ಎದೆ ಝಲ್ಲೆನ್ನುತ್ತದೆ. ಹಗ್ಗ ಬೇಡ. ಕೈಕಾಲು ಎರಡೂ ಊರಿ ಹತ್ತುವ ಜಾಗ ಅಷ್ಟೇ, ಒಂದೂವರೆ ಎರಡು ಗಂಟೆ. ಕುಮಾರಪರ್ವತ ಹತ್ತಿದ ನಿಮಗೆ ಇದು ಖುಷಿಯ ದಿನ. ಕರಂಗಾದಲ್ಲಿ ಒಂದು ರಾತ್ರಿ, ಸುಮಾರು 4,000 ಮೀಟರ್. ದಾರಿಯಲ್ಲಿ ಕೊನೆಯ ನೀರು ಸಿಗುವುದು ಇಲ್ಲೇ. ಮೇಲಿನ ಬರಾಫು ಬಿಡಾರದಲ್ಲಿ ನೀರಿಲ್ಲ, ಪೋರ್ಟರ್‌ಗಳು ಇಲ್ಲಿಂದ ಹೊತ್ತು ತರುತ್ತಾರೆ. ಅಲ್ಲಿ ಮುಖ ತೊಳೆಯಲು ಬಿಸಿನೀರು ಬೇಡ ಅನ್ನಿ, ಅವರ ಬೆನ್ನಿಗೆ ಅಷ್ಟು ಭಾರ ಇಳಿಯುತ್ತದೆ.

ಬರಾಫು ಅಂದರೆ ಸ್ವಾಹಿಲಿಯಲ್ಲಿ ಮಂಜುಗಡ್ಡೆ. ಹಿಂದಿಯ ಬರ್ಫ್ ನೆನಪಾಗುತ್ತದೆ, ಅಲ್ವಾ? ಸುಮಾರು 4,670 ಮೀಟರ್‌ನಲ್ಲಿ ಬರೀ ಕಲ್ಲಿನ ಏಣು. ಸಂಜೆ ಐದಕ್ಕೇ ಊಟ, ಆಮೇಲೆ ಮಲಗಿ ಅನ್ನುತ್ತಾರೆ. ನಿದ್ದೆ ಬರುವುದಿಲ್ಲ. ಕಣ್ಣು ಹತ್ತಿದ ತಕ್ಷಣ ಉಸಿರು ನಿಂತ ಹಾಗಾಗಿ ಬೆಚ್ಚಿಬೀಳಬಹುದು. ಎತ್ತರದಲ್ಲಿ ಮಲಗಿದಾಗ ಉಸಿರಾಟ ಹೀಗೆ ಏರಿಳಿಯುವುದು ಎಷ್ಟೋ ಜನಕ್ಕೆ ಆಗುತ್ತದೆ. ನಿಮ್ಮ ಮನೆಯವರಿಗೂ ಇದನ್ನು ಮೊದಲೇ ಹೇಳಿರಿ, ಕತ್ತಲಲ್ಲಿ ಒಬ್ಬರೇ ಹೆದರುವುದು ತಪ್ಪುತ್ತದೆ.

ಹೊರಡುವುದು ರಾತ್ರಿ ಹನ್ನೆರಡರ ಹೊತ್ತಿಗೆ. ಸ್ಟೆಲ್ಲಾ ಪಾಯಿಂಟ್‌ವರೆಗೆ ಸಾವಿರ ಮೀಟರ್‌ಗೂ ಮಿಕ್ಕಿದ ಏರು, ಆರು ಗಂಟೆ ಹಿಡಿಯುತ್ತದೆ. ಕಾಲಡಿಯಲ್ಲಿ ಬೂದಿಯಂಥ ಪುಡಿ, ಸಣ್ಣ ಕಲ್ಲು. ಎರಡು ಹೆಜ್ಜೆ ಇಟ್ಟರೆ ಒಂದು ಜಾರುತ್ತದೆ. ಗೈಡ್ ಹಿಂದೆ ಸಾಲಾಗಿ, ಮುಂದಿನವರ ಹಿಮ್ಮಡಿ ನೋಡುತ್ತಾ ನಡೆಯುವುದು. ಪೋಲೆ ಪೋಲೆ ಅನ್ನುತ್ತಿರುತ್ತಾರೆ. ನಿಧಾನ ನಿಧಾನ ಅಂತ ಅರ್ಥ. ಆ ನಿಧಾನ ಎಷ್ಟು ಅಂದರೆ, ಒಂದು ಹೆಜ್ಜೆಗೆ ಒಂದು ಪೂರ್ತಿ ಉಸಿರು. ಮಾತಾಡಲು ಆಗದಷ್ಟು ಏದುಸಿರು ಬಂದರೆ ನೀವು ಜೋರಾಗಿ ಹೋಗುತ್ತಿದ್ದೀರಿ ಅಂತ ಲೆಕ್ಕ. ಚಳಿ ಮೈನಸ್ 10ರಿಂದ ಮೈನಸ್ 20 ಡಿಗ್ರಿವರೆಗೆ ಹೋಗುತ್ತದೆ, ಗಾಳಿ ಬೇರೆ. ನೀರಿನ ಚೀಲದ ಕೊಳವೆ ಕಟ್ಟಿಹೋಗುತ್ತದೆ. ಅಗಲ ಬಾಯಿಯ ಬಾಟಲಿಗೆ ಬಿಸಿನೀರು ತುಂಬಿ, ಉಣ್ಣೆ ಕಾಲುಚೀಲದೊಳಗೆ ತೂರಿಸಿ, ತಲೆಕೆಳಗಾಗಿ ಬ್ಯಾಗಿನಲ್ಲಿಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಹಾಗಾಗಿ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಫೋನು, ಕ್ಯಾಮೆರಾ ಬ್ಯಾಟರಿ ಒಳಜೇಬಿನಲ್ಲಿ, ಮೈಗೆ ತಾಗಿ ಇರಲಿ.

ಆರೂಕಾಲರ ಹೊತ್ತಿಗೆ ಮವೆಂಜಿಯ ಚೂಪು ಕಲ್ಲುಗಳ ಹಿಂದೆ ಕೆಂಪು ಗೆರೆ ಮೂಡುತ್ತದೆ. ಸ್ಟೆಲ್ಲಾ ಪಾಯಿಂಟ್ ಅಂದರೆ ಕೀಬೋ ಬಾಯಿಯ ಅಂಚು. ಅಲ್ಲಿಂದ ಉಹುರು ತುದಿಗೆ ಇನ್ನೊಂದು ಮುಕ್ಕಾಲು ಗಂಟೆ, ಸಲೀಸು ಏರು. ಉಹುರು ಅಂದರೆ ಸ್ವಾತಂತ್ರ್ಯ. ಮುಂಚೆ ಜರ್ಮನ್ ಚಕ್ರವರ್ತಿಯ ಹೆಸರಿದ್ದ ತುದಿಗೆ, ದೇಶ 1961ರಲ್ಲಿ ಸ್ವತಂತ್ರವಾದಾಗ ಈ ಹೆಸರು ಇಟ್ಟರು. ಎಡಗಡೆ ಹಿಮದ ಗೋಡೆಗಳು ಕಾಣುತ್ತವೆ. ಕಣ್ತುಂಬ ನೋಡಿಕೊಳ್ಳಿ. 1912ರಿಂದ 2007ರ ನಡುವೆ ಈ ಬೆಟ್ಟದ ಹಿಮದಲ್ಲಿ ನೂರಕ್ಕೆ 85 ಪಾಲು ಕರಗಿಹೋಗಿದೆ. ಬಲಗಡೆ ತಗ್ಗಿನಲ್ಲಿ ಜ್ವಾಲಾಮುಖಿಯ ಬಾಯಿ. ಕೀಬೋ ಸತ್ತಿಲ್ಲ, ಮಲಗಿದೆ. ಅದರೊಳಗಿನ ಸಣ್ಣ ಬಾಯಿಗಳಿಂದ ಇವತ್ತಿಗೂ ಗಂಧಕದ ಹಬೆ ಬರುತ್ತದೆ.

ಈಗ ಅರೆತಲೆನೋವಿನ ವಿಷಯ. ಅದು ಇದೆ ಅಂತ ಹೋಗಬಾರದು ಅಂತಲ್ಲ. ಆದರೆ ಎತ್ತರ ಅದನ್ನು ಕೆರಳಿಸಬಹುದು. ಜೊತೆಗೆ ಎತ್ತರದ ಕಾಯಿಲೆಯ ಮೊದಲ ಗುರುತೂ ತಲೆನೋವೇ. ಯಾವುದು ಯಾವುದು ಅಂತ ಗೊತ್ತಾಗದೆ "ಇದು ನಂದು ಯಾವಾಗ್ಲೂ ಬರೋದೇ" ಅಂತ ಮುಂದೆ ನಡೆಯುವುದು ಅಪಾಯ. ಆದ್ದರಿಂದ ನಿಯಮ ಒಂದೇ: 2,500 ಮೀಟರ್ ಮೇಲೆ ಬರುವ ಯಾವ ತಲೆನೋವೇ ಆಗಲಿ, ಬೇರೆ ಕಾರಣ ಖಚಿತವಾಗುವವರೆಗೂ ಅದು ಎತ್ತರದ್ದೇ. ಗೈಡ್‌ಗೆ ಮೊದಲ ದಿನವೇ ಹೇಳಿ. ಮನೆಯವರ ಮಾಮೂಲಿ ಮಾತ್ರೆ ತೆಗೆದುಕೊಂಡು ಹೋಗಿ. ಮೈ ಎತ್ತರಕ್ಕೆ ಒಗ್ಗಲು ನೆರವಾಗುವ ಡಯಮಾಕ್ಸ್ ಮಾತ್ರೆಯ ಬಗ್ಗೆ, ಅದು ಇವರ ಮಾತ್ರೆ ಜೊತೆ ಹೊಂದುತ್ತದಾ ಅನ್ನುವ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಸಲ್ಫಾ ಔಷಧಿ ಆಗದವರು ಅದನ್ನು ಮುಖ್ಯವಾಗಿ ಹೇಳಬೇಕು. ಡಾಕ್ಟರ್ ಒಪ್ಪಿದರೆ ಊರಲ್ಲೇ ಒಂದೆರಡು ದಿನ ತೆಗೆದುಕೊಂಡು ನೋಡಿ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ. ಇದು ಗೊತ್ತಿಲ್ಲದೆ ಬೆಟ್ಟದ ಮೇಲೆ ಮೊದಲ ಸಲ ತೆಗೆದುಕೊಂಡವರು ಸುಮ್ನೆ ಗಾಬರಿಯಾಗುತ್ತಾರೆ. ಈ ಮಾತ್ರೆ ಮೈ ಒಗ್ಗುವುದನ್ನು ಸ್ವಲ್ಪ ಬೇಗ ಮಾಡುತ್ತದೆ ಅಷ್ಟೇ. ದಿನಗಳಿಗೆ ಬದಲಿ ಅಲ್ಲ.

ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಅಲ್ಲೇ ನಿಲ್ಲಿ, ಕಡಿಮೆಯಾಗುವವರೆಗೆ ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು, ಎದೆಯಲ್ಲಿ ಗೊರಗೊರ, ನೊರೆ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ತಿಳಿಯಿರಿ. ಮಾತು ತಡವರಿಸಿದರೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ ಮಿದುಳು ಊದುತ್ತಿದೆ. ಈ ಎರಡಕ್ಕೂ ಒಂದೇ ಮದ್ದು, ತಕ್ಷಣ ಕೆಳಗೆ ಇಳಿಯುವುದು. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಗಂಡ ಹೆಂಡತಿ ಇಬ್ಬರೇ ಹೋಗುತ್ತಿದ್ದೀರಿ, ಆದ್ದರಿಂದ ಈ ಮಾತು ಊರಲ್ಲೇ ಆಡಿಕೊಳ್ಳಿ: ಒಬ್ಬರು ಇಳಿಯಬೇಕಾದರೆ ಇನ್ನೊಬ್ಬರು ಮುಂದೆ ಹೋಗುತ್ತೀರಾ, ಜೊತೆಗೆ ಇಳಿಯುತ್ತೀರಾ? ಎರಡೂ ಸರಿ. ಆದರೆ 5,000 ಮೀಟರ್‌ನಲ್ಲಿ, ನಡುರಾತ್ರಿ, ಚಳಿಯಲ್ಲಿ ನಡುಗುತ್ತಾ ತೀರ್ಮಾನಿಸುವ ವಿಷಯ ಅಲ್ಲ ಅದು. ಸಹಾಯಕ ಗೈಡ್ ಒಬ್ಬರು ಇರಲೇಬೇಕು ಅನ್ನುವುದೂ ಇದೇ ಕಾರಣಕ್ಕೆ.

ತಯಾರಿಗೆ ನಾಲ್ಕು ತಿಂಗಳು ಇಟ್ಟುಕೊಳ್ಳಿ. ಓಟ ನಡೆಯಲಿ, ಆದರೆ ಅದಕ್ಕಿಂತ ಮುಖ್ಯ ಭಾರ ಹೊತ್ತು ಗಂಟೆಗಟ್ಟಲೆ ನಡೆಯುವುದು. ತುಮಕೂರಿನಲ್ಲಿದ್ದೀರಿ, ನಿಮ್ಮಷ್ಟು ಅದೃಷ್ಟವಂತರಿಲ್ಲ. ಶಿವಗಂಗೆ, ದೇವರಾಯನದುರ್ಗ, ಮಧುಗಿರಿ ಎಲ್ಲ ಪಕ್ಕದಲ್ಲೇ ಇವೆ. ಶನಿವಾರ ಒಂದು, ಭಾನುವಾರ ಇನ್ನೊಂದು. ದಣಿದ ಕಾಲಿನಲ್ಲಿ ಎರಡನೇ ದಿನ ನಡೆಯುವುದನ್ನು ಕಲಿಯಬೇಕು. ಬ್ಯಾಗಿನಲ್ಲಿ ಐದಾರು ಲೀಟರ್ ನೀರು ತುಂಬಿಸಿಕೊಳ್ಳಿ, ಮೇಲೆ ಚೆಲ್ಲಿ ಬರಬೇಡಿ, ಹೊತ್ತುಕೊಂಡೇ ಇಳಿಯಿರಿ. ತುದಿ ಮುಟ್ಟಿದ ದಿನವೇ ನೀವು 5,895ರಿಂದ ಸುಮಾರು 3,100 ಮೀಟರ್‌ನ ಮ್ವೆಕಾ ಬಿಡಾರಕ್ಕೆ ಇಳಿಯುತ್ತೀರಿ. ಮಂಡಿ ಅಳುವುದು ಆವತ್ತು. ಊರುಗೋಲು ಎರಡು ಇರಲಿ, ಹೊರಡುವ ಮುಂಚೆ ಕಾಲುಗುರು ಚೆನ್ನಾಗಿ ಕತ್ತರಿಸಿಕೊಳ್ಳಿ. ಕುಮಾರಪರ್ವತಕ್ಕೆ ಕುಕ್ಕೆ ಕಡೆಯಿಂದ ಇನ್ನೊಂದು ಸಲ ಹೋಗಿ, ಆದರೆ ಈ ಸಲ ಗಡಿಯಾರ ನೋಡಬೇಡಿ. ಮೂಗಿನಲ್ಲೇ ಉಸಿರಾಡುತ್ತಾ ಹತ್ತಲು ಆಗುತ್ತದಾ ನೋಡಿ. ಸಾಧ್ಯವಾದರೆ ಅದಕ್ಕೂ ಮುಂಚೆ ಹಿಮಾಲಯದಲ್ಲಿ ಒಂದು ಸಣ್ಣ ಚಾರಣ ಮಾಡಿ. ಕೇದಾರಕಂಠ 3,810 ಮೀಟರ್. ಅಲ್ಲಿ ಗಳಿಸಿದ ಒಗ್ಗುವಿಕೆ ಕಿಲಿಮಂಜಾರೋವರೆಗೆ ಉಳಿಯುವುದಿಲ್ಲ. ಆದರೆ ನಿಮ್ಮ ಮೈ ಎತ್ತರದಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಮನೆಯವರ ತಲೆನೋವು ಏನು ಮಾಡುತ್ತದೆ ಅಂತ ತಿಳಿಯುತ್ತದೆ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪದರ ಪದರವಾಗಿ ಹಾಕಿಕೊಳ್ಳಿ, ಹತ್ತಿ ಬಟ್ಟೆ ಬೇಡ, ಬೆವರು ಹಿಡಿದಿಟ್ಟು ಚಳಿ ಕೊಡುತ್ತದೆ. ದಪ್ಪ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಮೋಶಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟು ಮಾತ್ರ ನಿಮ್ಮದೇ ಇರಬೇಕು, ಅದರಲ್ಲಿ ನೂರಾರು ಕಿಲೋಮೀಟರ್ ನಡೆದಿರಬೇಕು. ವಿಮಾನದಲ್ಲಿ ಅದನ್ನು ಕಾಲಿಗೆ ಹಾಕಿಕೊಂಡೇ ಹೋಗಿ. ಜ್ವಾಲಾಮುಖಿಯ ಪುಡಿ ಎಲ್ಲೆಲ್ಲೂ ನುಗ್ಗುತ್ತದೆ. ಬೂಟಿನ ಮೇಲೆ ಕಟ್ಟುವ ಗೇಟರ್, ಮೂಗು ಮುಚ್ಚಲು ತೆಳ್ಳನೆ ವಸ್ತ್ರ ಇರಲಿ. ಭೂಮಧ್ಯರೇಖೆಗೆ ಮೂರು ಡಿಗ್ರಿ ದೂರದ ಬಿಸಿಲು, ಕಪ್ಪು ಕನ್ನಡಕ ಮರೆಯಬೇಡಿ. ಟಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ. ಬೆಟ್ಟಕ್ಕೆ ಬಿಸಾಡುವ ಪ್ಲಾಸ್ಟಿಕ್ ಬಾಟಲಿ ಒಯ್ಯುವ ಹಾಗಿಲ್ಲ. ಬಟ್ಟೆ ಚೀಲದಲ್ಲೇ ಕಟ್ಟಿಕೊಂಡು ಹೋಗಿ.

ಊಟಕ್ಕೆ ಚಿಂತೆ ಬೇಡ. ಆ ಕಡೆ ನಮ್ಮ ದೇಶದವರು ತಲೆಮಾರುಗಳಿಂದ ಇದ್ದಾರೆ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು, ಚಹಾಕ್ಕೆ ಚಾಯ್. ಅನ್ನ, ಬೀನ್ಸ್ ಕಾಳಿನ ಪಲ್ಯ, ತರಕಾರಿ ಸಾರು, ಬೆಳಿಗ್ಗೆ ಗಂಜಿ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಕೇಳಿ, ನಮ್ಮ ಮುದ್ದೆಯ ಅಣ್ಣತಮ್ಮ ಅದು. ಬುಕ್ ಮಾಡುವಾಗಲೇ ಮೊಟ್ಟೆ ತಿನ್ನುತ್ತೀರಾ ಇಲ್ಲವಾ ಅಂತ ಬರೆದು ತಿಳಿಸಿ. ಆದರೆ 4,000 ಮೀಟರ್ ಮೇಲೆ ಹಸಿವೇ ಸಾಯುತ್ತದೆ, ಆಗ ಬಾಯಿಗೆ ರುಚಿಸುವುದು ಊರಿನ ತಿಂಡಿ ಮಾತ್ರ. ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ, ಬಿಸಿನೀರು ಹಾಕಿದರೆ ಆಗುವ ಗೊಜ್ಜವಲಕ್ಕಿ ಪುಡಿ ಇಟ್ಟುಕೊಳ್ಳಿ. ಕೊನೆಯ ರಾತ್ರಿಗೆ ಕಡಲೆಕಾಯಿ ಚಿಕ್ಕಿಯನ್ನು ಮೊದಲೇ ಸಣ್ಣ ಚೂರು ಮಾಡಿ ಜೇಬಿಗೆ ಹಾಕಿಕೊಳ್ಳಿ. ಚಳಿಗೆ ಕಲ್ಲಾದ ಚಿಕ್ಕಿ ಕಚ್ಚಲು ಆಗುವುದಿಲ್ಲ.

ಇನ್ನು ದುಡ್ಡು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಗೈಡ್ ಇಲ್ಲದೆ ಈ ಬೆಟ್ಟ ಹತ್ತುವಂತಿಲ್ಲ, ಅದು ಕಾನೂನು. ಉದ್ಯಾನದ ಶುಲ್ಕ ದಿನದ ಲೆಕ್ಕದಲ್ಲಿ, ಬಿಡಾರದ್ದು ರಾತ್ರಿಯ ಲೆಕ್ಕದಲ್ಲಿ. ಎಂಟು ದಿನಕ್ಕೆ ತೆರಿಗೆ ಸೇರಿ ಇದೇ ತಲೆಗೆ ಸಾವಿರ ಡಾಲರ್ ಆಸುಪಾಸು ಆಗುತ್ತದೆ. ನಿಮ್ಮಿಬ್ಬರ ಜೊತೆ ಗೈಡ್, ಸಹಾಯಕ ಗೈಡ್, ಅಡುಗೆಯವರು, ಪೋರ್ಟರ್‌ಗಳು ಅಂತ ಎಂಟು ಹತ್ತು ಜನ ಬರುತ್ತಾರೆ. ಅವರ ಸಂಬಳ, ಊಟ, ನಿಮ್ಮ ಊಟ, ವಾಹನ ಎಲ್ಲ ಬಂದು ಸೇರುವುದು ಆ ಸಾವಿರದ ಮೇಲೆ. ಹಾಗಿರುವಾಗ ಒಬ್ಬರು ತೀರಾ ಅಗ್ಗದ ಬೆಲೆ ಹೇಳಿದರೆ, ಉದ್ಯಾನದ ಶುಲ್ಕವನ್ನಂತೂ ಅವರು ಕಡಿಮೆ ಮಾಡಿಸಿಕೊಳ್ಳಲಾರರು. ಕಡಿತ ಬೀಳುವುದು ಪೋರ್ಟರ್‌ನ ಕೂಲಿಗೆ, ಅವನ ಊಟಕ್ಕೆ, ಅವನು ಮಲಗುವ ಟೆಂಟಿಗೆ. ಹರಿದ ಬೂಟಿನಲ್ಲಿ, ತೆಳ್ಳನೆ ಸ್ವೆಟರಿನಲ್ಲಿ ನಿಮ್ಮ ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ನಿಮ್ಮನ್ನು ದಾಟಿ ಹೋಗುವ ಹುಡುಗರನ್ನು ನಾನು ನೋಡಿದ್ದೇನೆ. ಮರೆಯಲಾಗುವುದಿಲ್ಲ. ಒಬ್ಬರ ಹೊರೆ 20 ಕಿಲೋ ದಾಟಬಾರದು, ಅದಕ್ಕೇ ಗೇಟಿನಲ್ಲಿ ತೂಕ ಹಾಕುತ್ತಾರೆ. ಪೋರ್ಟರ್‌ಗಳ ಪರವಾಗಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅನ್ನುವ ಸಂಸ್ಥೆ ಕೆಲಸ ಮಾಡುತ್ತದೆ. ಅದರ ಜೊತೆ ಕೈಜೋಡಿಸಿದ ಕಂಪನಿಗಳ ಪಟ್ಟಿ ನೋಡಿ ಆರಿಸಿಕೊಳ್ಳಿ. ಕೊನೆಯ ದಿನ ಕೊಡುವ ಟಿಪ್ಸ್ ಅಲ್ಲಿ ರೂಢಿ, ಅದನ್ನು ಖರ್ಚಿನ ಲೆಕ್ಕದಲ್ಲೇ ಹಿಡಿಯಿರಿ. ಎಲ್ಲರೂ ಸೇರಿರುವಾಗ, ಯಾರಿಗೆಷ್ಟು ಅಂತ ಹೇಳಿ ಕೊಡಿ.

ಕಾಗದ ಪತ್ರಗಳಲ್ಲಿ ಮರೆಯುವುದು ಹಳದಿ ಜ್ವರದ ಲಸಿಕೆ. ನಮ್ಮಲ್ಲಿಂದ ಹೋಗುವವರು ಹೆಚ್ಚಾಗಿ ಆಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸುತ್ತಾರೆ. ಇಥಿಯೋಪಿಯಾ, ಕೆನ್ಯಾ ಎರಡೂ ಹಳದಿ ಜ್ವರದ ದೇಶಗಳು. ಹೋಗುವಾಗ ಕೇಳದಿದ್ದರೂ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಸರ್ಟಿಫಿಕೇಟ್ ಕೇಳಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುವುದರಿಂದ ಒಂದು ತಿಂಗಳ ಮುಂಚೆಯೇ ಹೋಗಿ. ಪ್ರಯಾಣ ವಿಮೆ ತೆಗೆದುಕೊಳ್ಳುವಾಗ 6,000 ಮೀಟರ್‌ವರೆಗಿನ ಚಾರಣ ಮತ್ತು ಹೆಲಿಕಾಪ್ಟರ್ ಖರ್ಚು ಸೇರಿದೆಯಾ ಅಂತ ಓದಿ ನೋಡಿ. ಮಾಮೂಲಿ ವಿಮೆಯಲ್ಲಿ ಇಷ್ಟು ಎತ್ತರ ಇರುವುದಿಲ್ಲ. ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ.

ತಿಂಗಳು ಯಾವುದು ಅಂತ ನೀವು ಬರೆದಿಲ್ಲ. ಜನವರಿ, ಫೆಬ್ರವರಿ ಒಳ್ಳೆಯದು. ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೂ ಒಣ ಹವೆ. ಮಾರ್ಚ್ ನಡುವಿನಿಂದ ಮೇ ತನಕ ದೊಡ್ಡ ಮಳೆ, ನವೆಂಬರ್‌ನಲ್ಲಿ ಸಣ್ಣ ಮಳೆ. ತುದಿಯ ರಾತ್ರಿ ಹುಣ್ಣಿಮೆಯ ಆಸುಪಾಸಿಗೆ ಬರುವ ಹಾಗೆ ಪಂಚಾಂಗ ನೋಡಿ ದಿನ ಗೊತ್ತುಮಾಡಿ. ತಲೆಯ ಮೇಲಿನ ಟಾರ್ಚ್ ಆರಿಸಿ ಬೆಳದಿಂಗಳಲ್ಲೇ ನಡೆಯಬಹುದು.

ಮುಂಗಡಕ್ಕೆ ಇನ್ನೂ ಒಂದು ವಾರ ಇದೆ. ಇವತ್ತೇ ಆ ಕಂಪನಿಗೆ ಬರೆಯಿರಿ. ಲೆಮೋಶೋ 8 ದಿನಕ್ಕೆ, ಮಚಾಮೆ 7 ದಿನಕ್ಕೆ ಎಷ್ಟು ಅಂತ ಕೇಳಿ. ಇಬ್ಬರಿಗೆ ಎಷ್ಟು ಗೈಡ್, ಎಷ್ಟು ಪೋರ್ಟರ್, ಪೋರ್ಟರ್‌ಗೆ ದಿನಕ್ಕೆ ಎಷ್ಟು ಕೂಲಿ, ಅವರಿಗೆ ದಿನಕ್ಕೆ ಎಷ್ಟು ಹೊತ್ತು ಊಟ ಅಂತ ಕೇಳಿ. ಆಮ್ಲಜನಕದ ಸಿಲಿಂಡರ್ ಜೊತೆಗಿರುತ್ತದಾ, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ದಿನಾ ನೋಡುತ್ತಾರಾ ಅಂತಲೂ ಕೇಳಿ. ನೇರವಾಗಿ ಉತ್ತರ ಕೊಟ್ಟರೆ ಅವರ ಜೊತೆಗೇ ಹೋಗಿ. ಪೋರ್ಟರ್ ಕೂಲಿಯ ಪ್ರಶ್ನೆಯನ್ನು ಬಿಟ್ಟು ಮಿಕ್ಕದ್ದಕ್ಕೆ ಮಾತ್ರ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.